ಅಟ್ಟದ ಮೇಲಿನ ಕ್ಯಾನು

ಮಗಳ ಮದುವೆಗೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡುವಾಗ ಆ ಪೆಟ್ರೋಲ್ ಕ್ಯಾನು ರುದ್ರೇಶಿಯ ಕೈಗೆ ಬಂತು. ಊರಲ್ಲಿ ಕೋಮುಗಲಭೆಯಾದ ವರ್ಷ ತಂದದ್ದು; ಪೊಲೀಸರು ಬೀದಿಗಿಳಿದದ್ದರಿಂದ ಹಾಗೇ ಉಳಿದಿತ್ತು. ಯಾರ ಮನೆಗೆ ಸುರಿಯಲೆಂದು ತಂದಿದ್ದನೋ ಆ ಪಕ್ಕದ ಮನೆಯ ಖಲಂದರ್ ಈಗ ಅಂಗಳದಲ್ಲಿ ನಿಂತು ಮದುವೆಯ ಚಪ್ಪರಕ್ಕೆ ಗಳ ಕಟ್ಟುತ್ತಿದ್ದ.

ಕದ್ದುಮುಚ್ಚಿ ಹಿತ್ತಲಿಗೆ ಒಯ್ಯುವಷ್ಟರಲ್ಲಿ ಅವನೇ ಎದುರಾದ. ಕ್ಯಾನು ಇಸಿದುಕೊಂಡು, ಮುಚ್ಚಳ ತೆಗೆದು ಮೂಸಿ ನೋಡಿದ.

"ಕೆಟ್ಟೋಗಿದೆ ಕಣೋ ರುದ್ರೇಶಿ. ಇದು ಯಾವ ಗಾಡಿಗೂ ಆಗಲ್ಲ."

"ಚರಂಡಿಗೆ ಸುರಿದುಬಿಡ್ಲಾ?"

"ಬ್ಯಾಡ ಮಾರಾಯ. ಯಾರಾದ್ರೂ ಬೀಡಿ ಎಸೆದ್ರೆ ಓಣಿನೇ ಹತ್ಕೊಂಡು ಉರಿಯುತ್ತೆ. ಗ್ಯಾರೇಜಿನೋರನ್ನ ಕೇಳು, ಅವರಿಗೆ ಗೊತ್ತಿರುತ್ತೆ."

ರುದ್ರೇಶಿ ಕ್ಯಾನನ್ನು ವಾಪಸು ತೆಗೆದುಕೊಂಡ. ಈ ಮನೆಯಲ್ಲಿ ಸೈಕಲ್ ಬಿಟ್ಟರೆ ಬೇರೆ ಗಾಡಿ ಎಂದೂ ಇರಲಿಲ್ಲವೆಂಬುದು ಖಲಂದರನಿಗೆ ಚೆನ್ನಾಗಿ ಗೊತ್ತು. ಪೆಟ್ರೋಲ್ ಯಾಕೆ ತಂದಿದ್ದೆ ಎಂದು ಕೇಳಿಬಿಟ್ಟರೆ?

ಖಲಂದರ್ ಕೇಳಲಿಲ್ಲ. ತನ್ನ ಮನೆಯೊಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲೂ ಧೂಳು ಹಿಡಿದ ಕ್ಯಾನೊಂದಿತ್ತು.

"ಹೆಂಗೂ ಹೋಗ್ತೀಯಲ್ಲ, ಇದನ್ನೂ ಕೊಟ್ಟು ಬಾ. ಇದೂ ಆ ವರ್ಷದ್ದೇ."