ಅಪ್ಪನಿಗೆ ಕೇಳಿದ್ದು

ತೀರಿಕೊಂಡವರೊಬ್ಬರ ಮನೆಯಿಂದ ಅಗ್ಗಕ್ಕೆ ಕೊಂಡು ತಂದ ಶ್ರವಣಯಂತ್ರವನ್ನು ಮಗಳು ಅಪ್ಪನ ಕಿವಿಗೆ ಸಿಕ್ಕಿಸಿ, "ಕೇಳ್ತಿದ್ಯಾ?" ಎಂದಳು. ದರ್ಜಿ ಅಪ್ಪ ಹೊಲಿಗೆ ನಿಲ್ಲಿಸಿ, ಮುಖವರಳಿಸಿ, ಎಂದಿನಂತೆ ಕೂಗಿಯೇ ಹೇಳಿದ: "ಗಂಟೆ ಹೊಡೆದ ಹಾಗೆ ಕೇಳ್ತಿದೆ ಕಣಮ್ಮ! ಸತ್ತೋನ ಕಿವಿ ನನ್ನದಕ್ಕಿಂತ ಚುರುಕು!"

ಅವಳಿಗೂ ನಗು ಬಂತು. ಡಬ್ಬಿ ಎತ್ತಿಡುವಾಗ ಅದರೊಳಗಿನ ಸೂಚನೆ ಕಣ್ಣಿಗೆ ಬಿತ್ತು. ಹೊಸದಾಗಿ ಹಾಕಿದ ಬ್ಯಾಟರಿಗೆ ಅಂಟಿಸಿದ ಬಣ್ಣದ ಚೀಟಿಯನ್ನು ಕಿತ್ತರಷ್ಟೇ ಯಂತ್ರಕ್ಕೆ ಜೀವ ಬರುತ್ತದೆ. ಅವಳು ಅದನ್ನು ಕಿತ್ತೇ ಇರಲಿಲ್ಲ.

ಹೋದ ತಿಂಗಳು ತವರಿಗೆ ಬಂದ ದಿನ, ಇನ್ನು ಗಂಡನ ಮನೆಗೆ ಹೋಗುವುದಿಲ್ಲ ಎಂದು ಅವಳು ಹೇಳಿದಾಗಲೂ ಅಪ್ಪ ಹೀಗೇ ಮುಖವರಳಿಸಿ, "ಆಗ್ಲಮ್ಮ, ನಿನ್ನಿಷ್ಟ" ಅಂದಿದ್ದ. ಆ ಒಂದು ಮಾತನ್ನು ನೆಚ್ಚಿಕೊಂಡು ಅವಳು ವಕೀಲರನ್ನೂ ಕಂಡು ಬಂದಿದ್ದಳು.

ಯಂತ್ರವನ್ನು ಬಿಚ್ಚಿ, ಚೀಟಿ ಕಿತ್ತು, ಮತ್ತೆ ಸಿಕ್ಕಿಸಿದಳು. ಎದುರಿನ ಸ್ಟೂಲಿನ ಮೇಲೆ ಕೂತು, ದನಿ ಏರಿಸದೆ ಹೇಳಿದಳು: "ಅಪ್ಪಾ, ನಾನು ಆ ಮನೆಗೆ ವಾಪಸ್ ಹೋಗಲ್ಲ."

ಅಪ್ಪನ ಮುಖ ಅರಳಲಿಲ್ಲ. ಬಟ್ಟೆಯ ಮೇಲಿದ್ದ ಕೈಯನ್ನು ತೆಗೆದು, ಎಷ್ಟೋ ವರ್ಷಗಳ ನಂತರ ತಗ್ಗಿದ ದನಿಯಲ್ಲಿ ಕೇಳಿದ: "ಹೊಡೀತಾನಾ?"