ಒಂದಂಗುಲ ಒಳಗಿರಲಿ

ಸೈಕಲ್ ಅಂಗಡಿಗೆ ಕಾಲಿಟ್ಟ ಕೂಡಲೇ ಟೈಲರಮ್ಮ ಕೊರಳಲ್ಲಿದ್ದ ಟೇಪನ್ನು ಸೆಳೆದು ಮಗಳ ಕಾಲಿನ ಉದ್ದ ಅಳೆದರು. ಆಮೇಲೆ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳನ್ನು ಒಂದೊಂದಾಗಿ ಅಳೆಯುತ್ತ ಹೋಗಿ, ಎಲ್ಲಕ್ಕಿಂತ ಎತ್ತರದ್ದರ ಮೇಲೆ ಕೈಯಿಟ್ಟರು.

“ಇದು ಕೊಡಿ.”

“ಅದು ಇವರಿಗೆ ದೊಡ್ಡದಾಗುತ್ತಮ್ಮಾ,” ಎಂದ ಅಂಗಡಿಯವನು.

“ಆಗಲಿ. ಬೆಳೀತಾಳೆ.”

“ಅಮ್ಮ, ನನಗೀಗ ಇಪ್ಪತ್ತಾರು,” ಎಂದಳು ಮಗಳು.

“ಆದರೇನು? ಅಳತೆಗೆ ಸರಿಯಾಗಿ ತಗೊಂಡೋರು ಯಾರೂ ಉದ್ಧಾರ ಆಗಿಲ್ಲ. ಇವರನ್ನೇ ಕೇಳು. ಇವರ ಪ್ಯಾಂಟನ್ನ ಎರಡು ಸಲ ಬಿಚ್ಚಿ ಸಡಿಲ ಮಾಡಿಕೊಟ್ಟಿದೀನಿ. ಒಳಗೆ ಒಂದಂಗುಲ ಬಟ್ಟೆ ಬಿಟ್ಟಿದ್ದೆ, ಮಾನ ಉಳೀತು.”

ಅಂಗಡಿಯವನು ಹೊಟ್ಟೆಯನ್ನು ಒಳಗೆಳೆದುಕೊಂಡು, ಒರೆಸಿದ್ದ ಸೈಕಲ್ಲನ್ನೇ ಮತ್ತೆ ಒರೆಸತೊಡಗಿದ.

ಸೋಮವಾರದಿಂದ ಮಗಳಿಗೆ ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ. ಆ ಕಡೆಗೆ ಬಸ್ಸಿಲ್ಲ. ಸೇತುವೆಯ ತನಕ ನುಣುಪಾದ ಟಾರು, ಅಲ್ಲಿಂದಾಚೆ ಕಾಲುವೆಯ ದಂಡೆಯುದ್ದಕ್ಕೂ ಜಲ್ಲಿ. ಕೈಯಲ್ಲಿದ್ದದ್ದು ಟೈಲರಮ್ಮ ಎರಡನೇ ಹೊಲಿಗೆ ಯಂತ್ರಕ್ಕೆಂದು ಎತ್ತಿಟ್ಟಿದ್ದ ದುಡ್ಡು. ಆ ಯಂತ್ರವನ್ನು ಕಿಟಕಿಯ ಪಕ್ಕ ಎಲ್ಲಿಡಬೇಕು, ಅದರ ಮುಂದೆ ಯಾರು ಕೂರಬೇಕು ಎಂಬುದೆಲ್ಲ ಅವರ ತಲೆಯಲ್ಲಿ ಎಂದೋ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಮುಗಿದಿತ್ತು. ಈ ದುಡ್ಡಿಗೆ ಎರಡು ದಾರಿಗೂ ಒಗ್ಗುವ ಸೈಕಲ್ ಇವತ್ತು ಸಿಕ್ಕದಿದ್ದರೆ ಯಂತ್ರವೇ ಸರಿ ಎಂದು ತಾಯಿ ಮಗಳ ನಡುವೆ ಕರಾರಾಗಿತ್ತು. ಹೀಗಿರುವಾಗ ಟೈಲರಮ್ಮ ಮಗಳ ಕಾಲು ನೆಲಕ್ಕೆಟುಕದ ಸೈಕಲ್ಲನ್ನೇ ಆರಿಸಿದ್ದು ಬರೀ ಕಸುಬಿನ ಚಟವೋ, ಬೇರೇನಾದರೂ ಇತ್ತೋ, ಹೇಳುವುದು ಕಷ್ಟ.

ಅಂಗಡಿಯ ಪಕ್ಕದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ರಸ್ತೆಯಂಚಿನಲ್ಲಿ ಜಲ್ಲಿ ಹರಡಿಕೊಂಡಿತ್ತು. ಮಗಳು ಅಗ್ಗದ, ತೆಳು ಟೈರಿನ ಸೈಕಲ್ಲೊಂದನ್ನು ಹೊರಗೆ ತಂದು ಹತ್ತಿದಳು. ಟಾರಿನ ಮೇಲೆ ಅದು ಗಾಳಿಯ ಹಾಗೆ ಹೋಯಿತು. ಜಲ್ಲಿಗೆ ಇಳಿಯುತ್ತಲೇ ಮುಂದಿನ ಚಕ್ರ ಜಾರಿತು. ಅವಳು ಅಂಗೈ ಊರಿ ಬಿದ್ದಳು.

“ಇಷ್ಟು ವರ್ಷದಲ್ಲಿ ಹೊಲಿಗೆ ಯಂತ್ರದ ಮೇಲಿಂದ ಒಬ್ಬರೂ ಬಿದ್ದಿದ್ದು ನಾನು ನೋಡಿಲ್ಲಪ್ಪ,” ಎಂದರು ಟೈಲರಮ್ಮ, ಆಕಾಶಕ್ಕೆ.

ಮಗಳು ಕೈ ಒದರಿಕೊಂಡು ದಪ್ಪ ಟೈರಿನದನ್ನು ಹತ್ತಿದಳು. ಜಲ್ಲಿಯ ಮೇಲೆ ಅದರ ಗಾಂಭೀರ್ಯ ನೋಡಬೇಕು. ಟಾರಿಗೆ ಬಂದರೆ ಕೆಸರು ಬಿಟ್ಟು ಏಳಲೊಲ್ಲದ ಎಮ್ಮೆ. ರಸ್ತೆಯ ಕೊನೆ ಮುಟ್ಟಿ ತಿರುಗುವಷ್ಟರಲ್ಲಿ ಅವಳಿಗೆ ಏದುಸಿರು.

“ಎರಡಕ್ಕೂ ಆಗೋದು ಒಳಗಿದೆ,” ಎಂದ ಅಂಗಡಿಯವನು. “ಆದರೆ ಬೆಲೆ...”

“ಬೇಡ, ಹೇಳಬೇಡಿ. ಒಬ್ಬರು ಬಿದ್ದಿದ್ದು ಸಾಕು.”

ಮಗಳ ಕಣ್ಣು ತೂಗುಹಾಕಿದ್ದ ಟ್ಯೂಬುಗಳ ಹಿಂದೆ ಹೋಯಿತು. ಅಲ್ಲಿ ಬಾಗಿದ ಹ್ಯಾಂಡಲ್ಲಿನ ಸೈಕಲ್ಲೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು, ಶಿಕ್ಷೆಗೆ ನಿಲ್ಲಿಸಿದ ಹಾಗೆ.

“ಅದು?”

“ಅದಾ? ಹಳೇ ಮಾಡೆಲ್ಲು. ಬಣ್ಣ ಬೇರೆ ಕಿತ್ತಿದೆ. ಯಾರೂ ಕೇಳಿಲ್ಲ.”

“ನಾನು ಕೇಳ್ತಾ ಇದೀನಲ್ಲ.”

ಟಾರಿನ ಮೇಲೆ ಅದು ಸದ್ದಿಲ್ಲದೆ ಓಡಿತು. ಜಲ್ಲಿಗೆ ಇಳಿದಾಗ ತೂರಾಡಿತು, ಅವಳು ಕಾಲೂರಿದಳು. ಹಿಂದಕ್ಕೆ ಬಂದು, ಚಕ್ರದ ಗಾಳಿ ಸ್ವಲ್ಪ ಬಿಟ್ಟು, ಮತ್ತೆ ಇಳಿದಳು. ಮತ್ತೆ ಕಾಲೂರಿದಳು. ಮತ್ತೆ ಬಂದಳು. ಅಂಗೈಯ ಗೀರಿನಿಂದ ಹ್ಯಾಂಡಲ್ಲಿಗೆ ಕೆಂಪು ಹತ್ತಿತ್ತು. ಕೊನೆಗೊಮ್ಮೆ ಸೈಕಲ್ಲು ಜಲ್ಲಿಯ ಆ ತುದಿಯ ತನಕ ಕರಕರ ಎನ್ನುತ್ತ ಹೋಗಿ, ತಿರುಗಿ, ಅವಳನ್ನು ಹೊತ್ತುಕೊಂಡೇ ವಾಪಸು ಬಂತು.

ಟೈಲರಮ್ಮ ಟೇಪು ಹಿಡಿದು ಬಗ್ಗಿದರು. “ಇದು ನಿನಗೆ ಪಕ್ಕಾ ಅಳತೆ. ಒಂದು ನೂಲಿನಷ್ಟೂ ಬಿಟ್ಟಿಲ್ಲ,” ಎಂದರು, ದೂರಿನ ದನಿಯಲ್ಲಿ.

ಮಗಳು ತಾಯಿಯ ತೋರುಬೆರಳನ್ನು ಹಿಡಿದು ಟೈರಿಗೂ ಫ್ರೇಮಿಗೂ ನಡುವೆ ತೂರಿಸಿದಳು. ಬೆರಳು ಆರಾಮಾಗಿ ಒಳಗೆ ಹೋಯಿತು.

“ಇಲ್ಲಿ ಬಿಟ್ಟಿದಾರೆ ನೋಡು. ಸಂಬಳ ಬಂದ ಮೇಲೆ ಇದಕ್ಕಿಂತ ದಪ್ಪ ಟೈರು ಹಾಕಬಹುದು. ಆಗ ಜಲ್ಲಿಗೂ ಹೆದರಬೇಕಾಗಿಲ್ಲ.”

ಟೈಲರಮ್ಮ ತೆಳು ಟೈರಿನ ಸೈಕಲ್ಲಿನ ಹತ್ತಿರ ಹೋಗಿ ಅಲ್ಲೂ ಬೆರಳಿಟ್ಟು ನೋಡಿದರು. ಉಗುರೂ ಹೋಗಲಿಲ್ಲ.

“ಇದನ್ನ ಮೊದಲೇ ಹೇಳೋಕೇನಾಗಿತ್ತು?”

“ನೀನು ನನ್ನನ್ನ ಬೆಳೆಸೋದರಲ್ಲಿದ್ದೆ.”

“ಸರಿ. ಬಣ್ಣ ಕಿತ್ತಿರೋದಕ್ಕೆ ಎಷ್ಟು ಬಿಡ್ತೀರಿ?” ಎನ್ನುತ್ತ ಟೈಲರಮ್ಮ ಅಂಗಡಿಯವನ ಕಡೆ ತಿರುಗಿದರು. ಅವನ ಮುಖ ನೋಡಲಿಲ್ಲ, ಸೊಂಟ ನೋಡಿದರು. ಬೆಲೆ ಇಳಿಯಿತು.

ಭಾನುವಾರ ಸಂಜೆ ಮಗಳು ಕೆಲಸದ ಹೊಸ ಪ್ಯಾಂಟು ತೊಟ್ಟು ಅಂಗಳದಲ್ಲಿ ಒಂದು ಸುತ್ತು ಹೊಡೆದು ಬಂದಳು. ಬಲಗಾಲಿನ ಅಂಚಿಗೆ ಚೈನಿನ ಕಪ್ಪು ಹತ್ತಿತ್ತು.

“ರಬ್ಬರ್ ಬ್ಯಾಂಡ್ ಹಾಕ್ಕೋತೀನಿ ಬಿಡಮ್ಮ.”

“ನನ್ನ ಹೊಲಿಗೆ ಮೇಲೆ ರಬ್ಬರ್ ಬ್ಯಾಂಡಾ? ಬಿಚ್ಚೇ ಅದನ್ನ.”

ಟೈಲರಮ್ಮ ಪ್ಯಾಂಟನ್ನು ತಿರುವಿ ಹಾಕಿ, ಕಾಲಿನ ಹೊಲಿಗೆ ಬಿಚ್ಚಿ, ಸೀಮೆಸುಣ್ಣದಲ್ಲಿ ಹೊಸ ಗೆರೆ ಎಳೆದು ಕಿರಿದಾಗಿ ಹೊಲಿದರು. ಉಳಿದ ಬಟ್ಟೆಯನ್ನು ಎಂದಿನಂತೆ ಒಳಗೆ ಮಡಚಿ ನೋಡಿದರು. ಅಂಚು ದಪ್ಪವಾಯಿತು, ಮತ್ತೆ ಚೈನಿಗೇ ತಾಗುವಂತಿತ್ತು. ಮಗಳ ಮೊದಲ ಅಂಗಿಯಿಂದ ಹಿಡಿದು ಈವರೆಗೆ ಆ ಒಳಗಿನ ಅಂಗುಲಕ್ಕೆ ಅವರು ಕತ್ತರಿ ತಾಗಿಸಿದವರಲ್ಲ.

ಕತ್ತರಿ ಒಂದು ಗಳಿಗೆ ಬಾಯಿ ತೆರೆದುಕೊಂಡೇ ನಿಂತಿತು. ಆಮೇಲೆ ಒಂದೇ ಸಮನೆ ಓಡಿತು. ಕತ್ತರಿಸಿದ ಪಟ್ಟಿ ಕಿಟಕಿಯ ಪಕ್ಕ, ಎರಡನೇ ಯಂತ್ರಕ್ಕೆಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ ಹೋಗಿ ಬಿತ್ತು.