ಕೂಡಿಸಿದ ಕೈ

ಉಚ್ಚೆಂಗಮ್ಮ ಮಗನ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದಳು. ಗಡಿಯಲ್ಲಿ ಗಾಯಗೊಂಡ ಕನಕರಾಜ್ ಪುಣೆಯಲ್ಲಿ ಸ್ವಯಂಸೇವಕರು ನಡೆಸುವ ಆಸ್ಪತ್ರೆಯಲ್ಲಿದ್ದ. ಬಲಗೈ ಹೋದದ್ದು ಅವ್ವನಿಗೆ ತಿಳಿಯಬಾರದೆಂದು ಅವನು ಬೇಡಿಕೊಂಡಿದ್ದ. ರಜೆಗೆ ಬಂದ ಜೊತೆಗಾರ ತಿಪ್ಪೇಶ, ಹೊಸಪೇಟೆಯ ಸ್ಟುಡಿಯೋದಲ್ಲಿ ಫೋಟೋಕ್ಕೆ ಬಲಗೈ ಕೂಡಿಸಿ ಕಂಪ್ಲಿಗೆ ತಂದಿದ್ದ. ಸ್ಟುಡಿಯೋದವನು ಎಡಗೈಯನ್ನೇ ತಿರುಗಿಸಿ ಅಂಟಿಸಿದ್ದ.

"ಸೊರಗ್ಯಾನಲ್ಲೋ. ಅನ್ನ ಹಾಕ್ತಾರೋ ಇಲ್ಲೋ?"

"ಭಾಳ ಚಲೋ ನೋಡ್ಕೊಂತಾರ, ದೊಡ್ಡವ್ವ."

ಅವಳ ಬೆರಳು ಎಡಗೈ ಮೇಲಿನ ಚೇಳಿನ ಹಚ್ಚೆಯನ್ನು ಸವರಿತು. ಬಲಗೈಗೆ ಸರಿಯಿತು. ಅಲ್ಲೂ ಅದೇ ಚೇಳು.

"ಹಚ್ಚಿ ಹಾಕಿಸುವಾಗ ಅವನ್ನ ಹಿಡ್ಕೊಂಡು ಕುಂತಾಕಿ ನಾನು. ಹಾಕಿಸಿದ್ದು ಒಂದ ಕೈಗೆ."

ತಿಪ್ಪೇಶ ಫೋಟೋ ವಾಪಸ್ ಪಡೆಯಲು ಕೈ ಚಾಚಿದ. ಅವಳು ಕೊಡಲಿಲ್ಲ.

"ಪೂರಾ ಹೋತೇನಪ್ಪ, ಮೊಣಕೈತನಕ ಆದ್ರೂ ಉಳದೈತೋ?"